ಮನೆಗೊಂದು ಸೆಕೆಂಡ್ ಹ್ಯಾಂಡ್ ಕಾರು: ಹೊಳಪು ಆಮೇಲೆ, ಆರ್‌ಸಿ ಮೊದಲು!

"ಕಾರಿನ ವಿಷಯ ನಂಗೇನು ಗೊತ್ತಾಗುತ್ತೆ, ಎಲ್ಲಾ ಅವರೇ ನೋಡ್ಕೋತಾರೆ" ಅಂತ ನೀವೂ ಹೇಳಿಬಿಡ್ತೀರಾ? ಒಂದು ನಿಮಿಷ ತಾಳಿ. ಸೀರೆ ಅಂಗಡಿಯಲ್ಲಿ ಟ್ಯೂಬ್‌ಲೈಟ್ ಬೆಳಕಿನ ಬಣ್ಣ ನಂಬದೆ, ಬಾಗಿಲ ಹತ್ತಿರ ತಂದು ಬಿಸಿಲಿಗೆ ಹಿಡಿದು ನೋಡುವವರು ಯಾರು? ಬದನೆಕಾಯಿ ಹೊಳೀತಿದೆ ಅಂತ ಬುಟ್ಟಿಗೆ ಹಾಕಿಕೊಳ್ಳದೆ, ತಿರುಗಿಸಿ ಹುಳುಕಿನ ತೂತು ಹುಡುಕುವವರು ಯಾರು? ನೀವೇ ತಾನೆ! ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳೋದಕ್ಕೂ ಬೇಕಾಗಿರೋದು ಅದೇ ಕಣ್ಣು, ಅದೇ ಅನುಮಾನ.

ನಮ್ಮ ಚಿಕ್ಕಬಾಣಾವರದ ಬೀದಿಯಲ್ಲಿ ಎದುರು ಮನೆಯಾಕೆಯ ಕಥೆ ಕೇಳಿ. ಯಜಮಾನರು ಪೀಣ್ಯದ ಕಾರ್ಖಾನೆಗೆ ಸ್ಕೂಟರ್‌ನಲ್ಲಿ ಹೋಗಿ ಬರ್ತಾರೆ. ಮನೆಯಲ್ಲಿ ಇಬ್ಬರು ಮಕ್ಕಳು, ಮಂಡಿನೋವಿನ ಅತ್ತೆ. ಒಂದು ಮಳೆಗಾಲದ ರಾತ್ರಿ ಅತ್ತೆಗೆ ಉಸಿರಾಡೋದೇ ಕಷ್ಟವಾಯ್ತು. ಬೀದಿಯಲ್ಲಿ ಆಟೊ ಇಲ್ಲ, ಬುಕ್ ಮಾಡಿದ ಕ್ಯಾಬ್ ಎರಡು ಸಲ ಕ್ಯಾನ್ಸಲ್. 108ಕ್ಕೆ ಫೋನ್ ಮಾಡಬೇಕು ಅನ್ನೋದೂ ಆ ಗಾಬರಿಯಲ್ಲಿ ಹೊಳೆಯಲಿಲ್ಲ. ಕೊನೆಗೆ ಪಕ್ಕದ ಮನೆಯವರನ್ನು ಎಬ್ಬಿಸಿ, ಅವರ ಕಾರಿನಲ್ಲಿ ಆಸ್ಪತ್ರೆ ಸೇರಿದ್ದಾಯ್ತು. ಅತ್ತೆ ಹುಷಾರಾದರು. ಆದರೆ ಆಕೆ ಮಾತ್ರ ಅವತ್ತೇ ನಿರ್ಧಾರ ಮಾಡಿಬಿಟ್ಟರು, "ನನ್ನ ಚೀಟಿ ದುಡ್ಡು ಎತ್ತಿದ ತಕ್ಷಣ ಮನೆಗೊಂದು ಕಾರು."

ಸರಿ, ಕಾರು ಬಂತು ಬಾಗಿಲಿಗೆ. ಯಜಮಾನರ ಸ್ನೇಹಿತರ ಕಡೆಯಿಂದ ಒಬ್ಬ ಬ್ರೋಕರ್ ತಂದದ್ದು. ದೊಡ್ಡ ಡೀಸೆಲ್ ಗಾಡಿ, ಕನ್ನಡಿಯ ಹಾಗೆ ಪಾಲಿಶ್, ಸಂಗೀತದ ಸಿಸ್ಟಮ್ಮು ಬೇರೆ. ಮಕ್ಕಳು ಕುಣಿದಾಡಿದವು. ಆಕೆ ಕೇಳಿದ್ದು ಒಂದೇ ಮಾತು, "ಆರ್‌ಸಿ ತೋರಿಸಿ." ಅದರಲ್ಲಿದ್ದದ್ದು ಯಾರದ್ದೋ ಹೆಸರು, ಜೊತೆಗೆ ಸಾಲ ಕೊಟ್ಟ ಬ್ಯಾಂಕಿನ ಹೆಸರು. "ಅದೆಲ್ಲಾ ಆಮೇಲೆ ಮಾಡಿಸ್ಕೊಡ್ತೀನಿ ಮೇಡಂ, ನಾಳೆ ಬೇರೆ ಪಾರ್ಟಿ ಬರ್ತಿದೆ, ಈಗ್ಲೇ ಅಡ್ವಾನ್ಸ್ ಹಾಕಿ" ಅಂದ ಆತ. "ಹಾಗಾದ್ರೆ ಅವರಿಗೇ ಕೊಡಿ" ಅಂದುಬಿಟ್ಟರು ಈಕೆ! ಮನೆಯಲ್ಲಿ ಎರಡು ದಿನ ಮಾತುಕತೆ ಬಂದ್. ಆದರೆ ಚೀಟಿ ದುಡ್ಡು ಉಳೀತು.

ಆಕೆ ಮಾಡಿದ್ದು ಸರಿಯೇ? ನೂರಕ್ಕೆ ನೂರು ಸರಿ. ಯಾಕೆ ಅಂತ ಮುಂದೆ ಓದಿ.

ಮೊದಲು ನಿಮ್ಮ ವಾರ ಬರೆಯಿರಿ

ಯಾವ ಕಂಪನಿ, ಯಾವ ಬಣ್ಣ ಅನ್ನೋದು ಆಮೇಲಿನ ಮಾತು. ಕ್ಯಾಲೆಂಡರ್ ಹಿಂದೆ ಒಂದು ವಾರದ ಓಡಾಟ ಬರೆದಿಡಿ. ಮಕ್ಕಳ ಶಾಲೆ, ಹೆಸರಘಟ್ಟ ರಸ್ತೆಯಲ್ಲಿ ಎಂಟನೇ ಮೈಲಿವರೆಗಿನ ಜಾಮ್, ದಾಸರಹಳ್ಳಿ ಮೆಟ್ರೊ ಸ್ಟೇಷನ್, ಯಶವಂತಪುರದ ಮಾರ್ಕೆಟ್, ತಿಂಗಳಿಗೊಮ್ಮೆ ಅತ್ತೆಯ ಚೆಕಪ್, ವರ್ಷಕ್ಕೆರಡು ಸಲ ಘಾಟಿ ಸುಬ್ರಹ್ಮಣ್ಯವೋ ಸಿದ್ಧಗಂಗೆಯೋ. ಬಹುತೇಕ ಮನೆಗಳಲ್ಲಿ ಈ ಪಟ್ಟಿ ಹೇಳೋದು ಒಂದೇ: ಹೆಚ್ಚಿನ ಓಡಾಟ ಹತ್ತು ಕಿಲೋಮೀಟರ್ ಒಳಗೇ, ಅದೂ ಆಮೆ ವೇಗದಲ್ಲಿ.

ಇಂಥ ಓಡಾಟಕ್ಕೆ ಚಿಕ್ಕ ಪೆಟ್ರೋಲ್ ಕಾರೇ ವಾಸಿ. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಡೀಸೆಲ್ ಕಾರುಗಳ ಹೊಗೆನಳಿಕೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಆ ಮಸಿ ಸುಟ್ಟು ಹೋಗಬೇಕಾದರೆ ಆಗಾಗ ಹೈವೇಯಲ್ಲಿ ಒಂದೇ ವೇಗದಲ್ಲಿ ಓಡಿಸಬೇಕು. ದಿನಾ ಶಾಲೆ-ಮಾರ್ಕೆಟ್ ಅಂತ ಸುತ್ತುವ ಗಾಡಿಯಲ್ಲಿ ಫಿಲ್ಟರ್ ಕಟ್ಟಿಕೊಳ್ಳುತ್ತದೆ, ಖರ್ಚು ದುಬಾರಿ. ಸಿಎನ್‌ಜಿ ಕಾರಿಗೆ ಇಂಧನದ ಖರ್ಚು ಕಮ್ಮಿ, ನಿಜ. ಆದರೆ ಸಿಲಿಂಡರ್ ಡಿಕ್ಕಿಯ ಜಾಗ ತಿನ್ನುತ್ತದೆ. ಹೊರಗೆ ಕಿಟ್ ಹಾಕಿಸಿದ್ದರೆ ಅದು ಆರ್‌ಸಿಯಲ್ಲಿ ನಮೂದಾಗಿದೆಯಾ ನೋಡಲೇಬೇಕು.

ಮನೆಯಲ್ಲಿ ವಯಸ್ಸಾದವರಿದ್ದರೆ ಸೀಟಿನ ಎತ್ತರ ಮುಖ್ಯ. ತೀರಾ ತಗ್ಗಿದ್ದರೆ ಏಳೋದಕ್ಕೆ ಮಂಡಿ ಬಿಡಲ್ಲ, ತೀರಾ ಎತ್ತರವಿದ್ದರೆ ಹತ್ತೋಕಾಗಲ್ಲ. ವ್ಯಾಗನ್ ಆರ್‌ನಂಥ ಎತ್ತರದ ಛಾವಣಿಯ ಕಾರುಗಳು ಮಧ್ಯಮ ವರ್ಗದ ಮನೆಗಳಿಗೆ ಹಿಡಿಸಿದ್ದು ಇದಕ್ಕೇ. ಅತ್ತೆಯವರನ್ನೇ ಕರೆದುಕೊಂಡು ಹೋಗಿ, ಎರಡು ಸಲ ಹತ್ತಿ ಇಳಿಯಲಿ. ಡಿಕ್ಕಿಯಲ್ಲಿ ಒಂದು ಗ್ಯಾಸ್ ಸಿಲಿಂಡರ್‌ನಷ್ಟು ಜಾಗ ಇದೆಯಾ, ನಿಮ್ಮ ಗೇಟಿನೊಳಗೆ ಕಾರು ನುಗ್ಗುತ್ತಾ, ಅದನ್ನೂ ಅಳೆದುಬಿಡಿ.

ಯಾವ ವರ್ಷದ್ದು ಕೊಳ್ಳಬೇಕು?

ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ. ಆಮೇಲೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಕರ್ನಾಟಕದಲ್ಲಿ ಹಸಿರು ತೆರಿಗೆಯೂ ಸೇರುತ್ತದೆ. ಅಂದರೆ 2012ರ ಕಾರು ಅಗ್ಗಕ್ಕೆ ಸಿಕ್ಕಿತು ಅಂತ ಖುಷಿಪಡುವ ಮುಂಚೆ, 2027ಕ್ಕೆ ಅದರ ಅವಧಿ ಮುಗಿಯುತ್ತದೆ ಅನ್ನೋದು ನೆನಪಿರಲಿ.

ಇನ್ನೊಂದು ಗುಟ್ಟು ಹೇಳ್ತೀನಿ. ಥಟ್ಟನೆ ಬ್ರೇಕ್ ಹಾಕಿದಾಗ ಚಕ್ರ ಜಾರದಂತೆ ತಡೆಯುವ ಎಬಿಎಸ್ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾದದ್ದು 2019ರ ಏಪ್ರಿಲ್‌ನಿಂದ. ಚಾಲಕರ ಏರ್‌ಬ್ಯಾಗ್, ಸೀಟ್ ಬೆಲ್ಟ್ ನೆನಪಿಸುವ ಸದ್ದು, ಹಿಂದಿನ ಪಾರ್ಕಿಂಗ್ ಸೆನ್ಸರ್ ಕಡ್ಡಾಯವಾದದ್ದು ಅದೇ ವರ್ಷದ ಜುಲೈ 1ರಿಂದ. ಪಕ್ಕದ ಸೀಟಿಗೂ, ಅಂದರೆ ಸಾಮಾನ್ಯವಾಗಿ ನೀವು ಕೂರುವ ಸೀಟಿಗೂ, ಏರ್‌ಬ್ಯಾಗ್ ಎಲ್ಲ ಹೊಸ ಕಾರುಗಳಲ್ಲಿ ಬಂದದ್ದು 2022ರಿಂದ! ಅದಕ್ಕಿಂತ ಹಳೆಯ ಕಾರುಗಳಲ್ಲಿ ದುಬಾರಿ ಮಾದರಿಗಳಿಗೆ ಮಾತ್ರ ಇವೆಲ್ಲ ಇರುತ್ತಿದ್ದವು. ಆದ್ದರಿಂದ ಬಜೆಟ್ ಎಳೆದಾಡಿದರೂ 2019ರ ಜುಲೈ ನಂತರ ತಯಾರಾದ ಚಿಕ್ಕ ಕಾರು ಹುಡುಕಿ. ಹಳೆಯ ದೊಡ್ಡ ಕಾರಿನ ಗತ್ತಿಗಿಂತ ಇದು ಮೇಲು.

ಲೆಕ್ಕ ಎರಡು ಸಲ

ಕೈಯಲ್ಲಿ 4 ಲಕ್ಷ ಇದ್ದರೆ 4 ಲಕ್ಷದ ಕಾರು ನೋಡಬೇಡಿ, ಮೂರೂವರೆಗೆ ನಿಲ್ಲಿಸಿ. ಟೈರು, ಬ್ಯಾಟರಿ, ಸರ್ವಿಸ್, ಇನ್ಶೂರೆನ್ಸ್, ಹೆಸರು ಬದಲಾವಣೆ ಅಂತ ಉಳಿದದ್ದು ಬೇಕಾಗುತ್ತದೆ. ತಿಂಗಳಿಗೆ 600 ಕಿಲೋಮೀಟರ್ ಓಡಿಸಿ, ಲೀಟರಿಗೆ 15 ಕಿಲೋಮೀಟರ್ ಬಂದರೆ 40 ಲೀಟರ್ ಬೇಕು. ಲೀಟರಿಗೆ ನೂರು ರೂಪಾಯಿ ಹಿಡಿದರೂ ತಿಂಗಳಿಗೆ 4,000! ಇದನ್ನು ಮನೆಖರ್ಚಿನ ಡೈರಿಯಲ್ಲಿ ಈಗಲೇ ಬರೆದು ನೋಡಿ.

2025ರ ಸೆಪ್ಟೆಂಬರ್ 22ರಿಂದ ಚಿಕ್ಕ ಹೊಸ ಕಾರುಗಳ ಜಿಎಸ್‌ಟಿ 28ರಿಂದ 18 ಶೇಕಡಾಕ್ಕೆ ಇಳಿಯಿತು. ಹಾಗಾಗಿ ಹಳೆ ಕಾರಿಗೆ ಹೇಳಿದ ಬೆಲೆ ಒಪ್ಪುವ ಮುಂಚೆ, ಅದೇ ಕಾರಿನ ಇವತ್ತಿನ ಹೊಸ ಬೆಲೆ ಶೋರೂಂನಲ್ಲಿ ಕೇಳಿ. ಅಂತರ ಕಮ್ಮಿ ಇದ್ದರೆ ಚೌಕಾಶಿಗೆ ಇದಕ್ಕಿಂತ ಒಳ್ಳೆ ಅಸ್ತ್ರ ಬೇಕೇ?

ಹಗಲಲ್ಲಿ ನೋಡಿ, ಒಣಗಿದ್ದಾಗ ನೋಡಿ

ರಾತ್ರಿ, ಮಳೆಯಲ್ಲಿ, ಆಗಷ್ಟೇ ತೊಳೆದ ಕಾರು ನೋಡಬೇಡಿ. ಬೆಳ್ಳಗಿರೋದೆಲ್ಲ ಹಾಲಲ್ಲ! ಬೆಳಗಿನ ಬಿಸಿಲಲ್ಲಿ ಕಾರಿನ ಪಕ್ಕ ಬಗ್ಗಿ, ಉದ್ದಕ್ಕೂ ಕಣ್ಣು ಹಾಯಿಸಿ. ಒಂದು ಬಾಗಿಲಿನ ಬಣ್ಣ ಬೇರೆ ಕಂಡರೆ, ಬಾಗಿಲ ಸಂದುಗಳು ಒಂದೊಂದು ಕಡೆ ಒಂದೊಂದು ಅಗಲ ಇದ್ದರೆ, ಟಿಂಕರಿಂಗ್ ಆಗಿದೆ ಅಂತಲೇ ಅರ್ಥ.

ನೀರಿನಲ್ಲಿ ಮುಳುಗಿದ ಕಾರಿನ ಬಗ್ಗೆ ವಿಶೇಷ ಎಚ್ಚರ. 2022ರ ಸೆಪ್ಟೆಂಬರ್ ಮಳೆಗೆ ಬೆಳ್ಳಂದೂರು, ಸರ್ಜಾಪುರ ರಸ್ತೆ ಕಡೆ ಎಷ್ಟು ಕಾರು ಮುಳುಗಿದವು, ಟಿವಿಯಲ್ಲಿ ನೋಡಿದ್ದೀರಲ್ಲ? ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆಯಿರಿ, ಕೆಸರಿನ ಗೆರೆ ಕಾಣಬಹುದು. ಕಾಲಡಿ ಹಾಸು ಎತ್ತಿ ಮೂಸಿ ನೋಡಿ. ಸೀಟಿನ ಕೆಳಗಿನ ಕಂಬಿ ತುಕ್ಕು ಹಿಡಿದಿದೆಯಾ ನೋಡಿ. ಕಾರಿನೊಳಗೆ ಸುಗಂಧ ಅತಿಯಾಗಿದ್ದರೆ ಅನುಮಾನವೂ ಅತಿಯಾಗಲಿ!

ಮೀಟರ್ ಕಮ್ಮಿ ತೋರಿಸುತ್ತಿದೆಯಾ? ಪೆಡಲ್ ರಬ್ಬರ್, ಸ್ಟೇರಿಂಗ್ ಎಷ್ಟು ಸವೆದಿದೆ ನೋಡಿ. 20 ಸಾವಿರ ಕಿಲೋಮೀಟರ್ ಓಡಿದ ಕಾರಿನ ಪೆಡಲ್ ಬೋಳಾಗಿರುವುದಿಲ್ಲ. ಸರ್ವಿಸ್ ಬಿಲ್ಲುಗಳಲ್ಲಿ ಕಿಲೋಮೀಟರ್ ಬರೆದಿರುತ್ತದೆ, ಹೊಂದಿಸಿ ನೋಡಿ. ಟೈರಿನ ಮೇಲೆ ನಾಲ್ಕು ಅಂಕಿ ಹುಡುಕಿ: 2321 ಅಂತಿದ್ದರೆ 2021ರ 23ನೇ ವಾರ ತಯಾರಾದದ್ದು. ಸ್ಟೆಪ್ನಿ ಟೈರನ್ನು ಮರೆಯಬೇಡಿ.

ಎಂಜಿನ್ ತಣ್ಣಗಿದ್ದಾಗಲೇ ಸ್ಟಾರ್ಟ್ ಮಾಡಿಸಿ. ನೀವು ಹೋಗುವಷ್ಟರಲ್ಲಿ ಬಾನೆಟ್ ಬಿಸಿಯಾಗಿದ್ದರೆ "ಸಂಜೆ ಬರ್ತೀವಿ" ಅನ್ನಿ. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಸುಡುತ್ತಿದೆ ಅಂತ, ಆ ಕಾರು ಬೇಡವೇ ಬೇಡ.

ಇನ್ನು ಓಡಿಸಿ ನೋಡೋದು. ಮನೆ ಸುತ್ತ ಒಂದು ರೌಂಡ್ ಹೊಡೆದರೆ ಸಾಲದು. ಎಂಟನೇ ಮೈಲಿ ಕಡೆ ಜಾಮ್‌ನಲ್ಲಿ ಕ್ಲಚ್ ಹೇಗಿದೆ ನೋಡಿ. ಸೋಲದೇವನಹಳ್ಳಿ ದಾಟಿ ಹೆಸರಘಟ್ಟದ ಕಡೆ ಖಾಲಿ ರಸ್ತೆ ಸಿಕ್ಕಾಗ, ಹಿಂದೆ ವಾಹನ ಇಲ್ಲ ಅಂತ ಖಾತ್ರಿ ಮಾಡಿಕೊಂಡು, 40ರ ವೇಗದಲ್ಲಿ ಬ್ರೇಕ್ ಹಾಕಿಸಿ. ಕಾರು ಪಕ್ಕಕ್ಕೆ ಎಳೆಯಬಾರದು. ಮನೆಯವರೆಲ್ಲ ಕೂತು ಎ.ಸಿ. ಹಾಕಿಕೊಂಡು ಒಂದು ದಿಬ್ಬ ಹತ್ತಿಸಿ. ನಿಮಗೆ ಡ್ರೈವಿಂಗ್ ಲೈಸೆನ್ಸ್ ಇದ್ದರೆ ನೀವೂ ಸ್ಟೇರಿಂಗ್ ಹಿಡಿಯಿರಿ. ನಾಳೆ ಓಡಿಸಬೇಕಾದವರು ನೀವೇ ಅಲ್ವಾ? ಕೊನೆಗೆ ನಿಮ್ಮ ಪರಿಚಯದ ಮೆಕ್ಯಾನಿಕ್‌ಗೆ ಕೂಲಿ ಕೊಟ್ಟು ತೋರಿಸಿ. ಮಾರುವವರ ಮೆಕ್ಯಾನಿಕ್ ಬೇಡ.

ಕಾಗದವೇ ಕಾರು!

ಈಗ ಬಂದೆವು ಮುಖ್ಯ ವಿಷಯಕ್ಕೆ. ಎದುರು ಮನೆಯಾಕೆ ಹಟ ಹಿಡಿದದ್ದು ಇಲ್ಲೇ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಕಾನೂನಿನ ಕಣ್ಣಿಗೆ ಅವರೇ ಮಾಲೀಕರು. ದುಡ್ಡು ಕೊಟ್ಟವರಲ್ಲ, ಕೀಲಿ ಇಟ್ಟುಕೊಂಡವರೂ ಅಲ್ಲ. ಹಲವು ಕೈ ಬದಲಾದರೂ ಹೆಸರು ಬದಲಾಗದ ಕಾರೊಂದು ಅಪಘಾತ ಮಾಡಿದ ಪ್ರಕರಣದಲ್ಲಿ, ಪರಿಹಾರದ ಹೊಣೆ ಆರ್‌ಸಿಯಲ್ಲಿರುವ ಮಾಲೀಕರದ್ದೇ ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಹಾಗಾಗಿ ನಿಮ್ಮ ಹಳೆ ಕಾರು ಮಾರುವಾಗಲೂ ಹೆಸರು ಬದಲಾಗುವವರೆಗೆ ಬೆನ್ನು ಬಿಡಬೇಡಿ.

ಮಾರುವವರ ಹೆಸರು, ಆಧಾರ್‌ನಲ್ಲಿರುವ ಹೆಸರು, ಆರ್‌ಸಿಯಲ್ಲಿರುವ ಹೆಸರು ಮೂರೂ ಒಂದೇ ಇರಬೇಕು. ಆರ್‌ಸಿಯಲ್ಲಿರುವ ಚಾಸಿಸ್ ನಂಬರ್ ಕಾರಿನ ಮೇಲಿನದಕ್ಕೆ ಹೊಂದಬೇಕು. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿದ್ದರೆ ಸಾಲ ತೀರಿದ ಪತ್ರ ಮತ್ತು ಫಾರಂ 35 ಬೇಕು. ಹೆಸರು ಬದಲಾವಣೆಗೆ ಫಾರಂ 29 ಮತ್ತು 30. ಮಾರಿದವರು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, ಕೊಂಡವರು 30 ದಿನದೊಳಗೆ ಅರ್ಜಿ ಹಾಕಬೇಕು. ಬೇರೆ ರಾಜ್ಯದ ನಂಬರ್ ಇದ್ದರೆ ಅಲ್ಲಿಂದ ನಿರಾಕ್ಷೇಪಣಾ ಪತ್ರ ತರಬೇಕು, ಇಲ್ಲಿ ಜೀವಿತಾವಧಿ ತೆರಿಗೆ ಕಟ್ಟಬೇಕು. ಅಗ್ಗ ಅಂದುಕೊಂಡದ್ದು ಅಲ್ಲೇ ದುಬಾರಿಯಾಗುತ್ತದೆ. ನಮಗೆ ಹತ್ತಿರದ ಕೆಎ-04 ಯಶವಂತಪುರ, ಕೆಎ-50 ಯಲಹಂಕ, ಕೆಎ-52 ನೆಲಮಂಗಲದ ಕಾರುಗಳಾದರೆ ಈ ತಲೆನೋವಿಲ್ಲ.

ಇನ್ಶೂರೆನ್ಸ್ ಇದೆ ಅಂತ ಸುಮ್ಮನಾಗಬೇಡಿ. 14 ದಿನದೊಳಗೆ ಅದನ್ನೂ ನಿಮ್ಮ ಹೆಸರಿಗೆ ಮಾಡಿಸಿ, ಇಲ್ಲದಿದ್ದರೆ ನಿಮ್ಮ ಕಾರಿಗೇ ಏಟು ಬಿದ್ದಾಗ ಕ್ಲೇಮ್‌ಗೆ ತಕರಾರು ಬರುತ್ತದೆ. ಕ್ಲೇಮ್ ಮಾಡದ್ದಕ್ಕೆ ಸಿಗುವ ರಿಯಾಯಿತಿ ಹಳೆ ಮಾಲೀಕರದ್ದು, ಕಾರಿನ ಜೊತೆ ನಿಮಗೆ ಬರುವುದಿಲ್ಲ. ಬಾಕಿ ಟ್ರಾಫಿಕ್ ದಂಡ ಇದೆಯಾ ಅಂತ ಗಾಡಿ ನಂಬರ್ ಹಾಕಿ ಆನ್‌ಲೈನ್‌ನಲ್ಲಿ ನೋಡಿ, ಅದನ್ನು ಅವರೇ ಕಟ್ಟಲಿ.

ದುಡ್ಡು ಕೊಡುವಾಗ ನಗದು ಬೇಡ, ಬ್ಯಾಂಕಿನ ಮೂಲಕ ಆರ್‌ಸಿ ಮಾಲೀಕರ ಖಾತೆಗೇ ಹಾಕಿ. ಅಡ್ವಾನ್ಸ್‌ಗೂ ರಸೀದಿ ಬರೆಸಿಕೊಳ್ಳಿ. ಕಾರು ಕೈಗೆ ಬಂದ ದಿನ, ಗಂಟೆ ಬರೆದು ಇಬ್ಬರೂ ಸಹಿ ಹಾಕಿ. ಇಲ್ಲವಾದರೆ ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ!

ಪರ್ಸಿನಲ್ಲಿಟ್ಟುಕೊಳ್ಳಿ ಈ ಚೀಟಿ

* ವಾರದ ಓಡಾಟಕ್ಕೆ ತಕ್ಕ ಕಾರು, ನೆಂಟರ ಮೆಚ್ಚುಗೆಗಲ್ಲ.
* 2019ರ ಜುಲೈ ನಂತರದ್ದಾದರೆ ಒಳ್ಳೆಯದು.
* ಹಗಲು ಹೊತ್ತು, ತಣ್ಣನೆ ಎಂಜಿನ್, ನಿಮ್ಮದೇ ಮೆಕ್ಯಾನಿಕ್.
* ಆರ್‌ಸಿ, ಸಾಲ ತೀರಿದ ಪತ್ರ, ಇನ್ಶೂರೆನ್ಸ್, ಹೊಗೆ ತಪಾಸಣೆ ಪತ್ರ, ಸರ್ವಿಸ್ ಬಿಲ್, ಎರಡನೇ ಕೀಲಿ.
* ಹಳೆ ಮಾಲೀಕರ ಫಾಸ್ಟ್ಯಾಗ್ ಮುಚ್ಚಿಸಿ, ಹೊಸದು ಹಾಕಿಸಿ.
* "ಈಗ್ಲೇ ಕೊಡಿ" ಅಂದವರಿಗೆ "ನಾಳೆ ಹೇಳ್ತೀವಿ" ಅನ್ನಿ.

ಅಂದ ಹಾಗೆ, ಎದುರು ಮನೆಯಾಕೆ ಏನು ಮಾಡಿದರು? ಇನ್ನೂ ಎರಡು ತಿಂಗಳು ಕಾದರು. ನಿವೃತ್ತರೊಬ್ಬರು ಮಗನ ಮನೆಗೆ ಹೋಗುತ್ತಾ ಮಾರಿದ, ಒಂದೇ ಕೈ ಓಡಿಸಿದ ಪೆಟ್ರೋಲ್ ಕಾರು ಸಿಕ್ಕಿತು. ಬಂಪರ್ ಮೇಲೆ ಗೀರು ಇತ್ತು, ಕಾಗದದಲ್ಲಿ ಒಂದು ಗೀರೂ ಇರಲಿಲ್ಲ. ಆರ್‌ಸಿ ಆಕೆಯ ಹೆಸರಿಗೇ ಆಯಿತು, ದುಡ್ಡು ಆಕೆಯದ್ದಲ್ಲವೇ! ಆಯುಧಪೂಜೆಗೆ ಚಕ್ರದಡಿ ನಿಂಬೆಹಣ್ಣಿಟ್ಟು ಕಾರು ಮುಂದೆ ತೆಗೆದಾಗ ಹಿಂದಿನ ಸೀಟಿನಲ್ಲಿ ಅತ್ತೆ. "ಬೆಲ್ಟ್ ಹಾಕ್ಕೊಳ್ಳಿ ಅತ್ತೆ" ಅಂತ ಸ್ಟೇರಿಂಗ್ ಹಿಡಿದ ಸೊಸೆಯ ಆರ್ಡರ್! ಮುಂದಿನ ಆಯುಧಪೂಜೆಗೆ ನಿಮ್ಮ ಮನೆ ಮುಂದೆಯೂ ಹೀಗೇ ಒಂದು ಕಾರು ನಿಲ್ಲಲಿ, ಹೆಸರು ನಿಮ್ಮದೇ ಇರಲಿ.