ಮರಳಿನಲ್ಲಿ ಮಕ್ಕಳ ನಡಿಗೆ

ಜೈಸಲ್ಮೇರಿನಿಂದ ಪಶ್ಚಿಮಕ್ಕೆ ಸುಮಾರು 40 ಕಿಲೋಮೀಟರು ಸಾಗಿದರೆ ಸಮ್ ಎಂಬ ಊರಿನ ಮರಳುದಿಣ್ಣೆಗಳು. ಫೆಬ್ರವರಿಯ ಕೊನೆಯ ಒಂದು ಬೆಳಗ್ಗೆ ಎಂಟರ ಮಗಳು, ಐದರ ಮಗನೊಡನೆ ನಾವು ಅಲ್ಲಿ ಕಾಲ್ನಡಿಗೆಯಲ್ಲಿ ಹೊರಟೆವು. ಒಂಟೆಯವರು ನಕ್ಕರು, ನಗಲಿ. ದಿಣ್ಣೆಗಳ ಅಂಚಿನಲ್ಲಿ ಅಲ್ಲಿಯವರು ‘ಖೇಜ್ಡಿ’ ಎನ್ನುವ ಮರವಿತ್ತು. ಅದು ನಮ್ಮ ಬನ್ನಿಯೇ ಎಂದು ತಿಳಿದಾಗ ಮಗಳು ಊರಿನ ನೆಂಟರನ್ನು ಕಂಡಂತೆ ಹಿಗ್ಗಿದಳು.

ದೊಡ್ಡವರಿಗೆ ದಿಣ್ಣೆಯ ನೆತ್ತಿ ಬೇಕು, ಮಕ್ಕಳಿಗೆ ಬರಿಯ ಮರಳೇ ಸಾಕು. ಯಾವುದೋ ಹುಳು ರಾತ್ರಿ ಬರೆದುಹೋದ ಗೆರೆಯ ಹಿಂದೆಯೇ ಅರ್ಧ ಗಂಟೆ ಕಳೆಯಿತು.

ಮಗನ ಹಣೆಯಲ್ಲಿ ಬೆವರಿರಲಿಲ್ಲ. ಅದನ್ನು ಕ್ಷೇಮದ ಗುರುತೆಂದು ಬಗೆದೆನು! ಒಣಗಾಳಿ ಬೆವರನ್ನು ಮೂಡಿದೊಡನೆ ಹೀರಿಬಿಡುವುದೆಂದಾಗಲಿ, ಆಟದಲ್ಲಿ ಮುಳುಗಿದ ಮಗು ಬಾಯಾರಿಕೆಯನ್ನು ಹೇಳದೆಂದಾಗಲಿ ನನಗೆ ಹೊಳೆಯಲಿಲ್ಲ. ಅವನು ಮಾತಿಲ್ಲದೆ ಮರಳಿನ ಮೇಲೆ ಕುಳಿತಾಗಲೂ ನನ್ನ ಕಣ್ಣು ಮುಂದಿನ ದಿಣ್ಣೆಯ ಮೇಲಿತ್ತು. ಹೆಂಡತಿ ನೀರಿನ ಸೀಸೆಯನ್ನು ಎತ್ತಿ ತೋರಿದಳು. ಅರ್ಧ ಮುಗಿದಿತ್ತು, ಅದರಲ್ಲಿ ಮಗನ ಪಾಲು ಅತ್ಯಲ್ಪ. ಬಂದಷ್ಟೇ ದೂರ ಹಿಂದಿರುಗಬೇಕಲ್ಲ! ಅವನಿಗೆ ಒಂದಿಷ್ಟು ಕುಡಿಸಿ, ಹೊತ್ತುಕೊಂಡು ತಿರುಗಿದೆನು.

ಬನ್ನಿಯ ವಿರಳವಾದ ನೆರಳಿನಲ್ಲಿ ಗುಟುಕುಗುಟುಕಾಗಿ ಮತ್ತೆ ನೀರು ಕೊಟ್ಟೆವು. ಬಹಳ ಹೊತ್ತಿನ ಮೇಲೆ ಅವನು ಬಾಯಿಬಿಟ್ಟನು: “ಆ ಹುಳು ಮನೆ ಸೇರಿತೇ, ಅಪ್ಪ?”