ಪದವಿಯನ್ನು ಬಾಗಿಲಲ್ಲೇ ಬಿಡಿಸಿದ ಪಾದ್ರಿ

ಸೈನ್ಯದಲ್ಲಿ ಇಬ್ಬರು ಅಪರಿಚಿತರು ಎದುರಾದಾಗ ಕಣ್ಣು ಮೊದಲು ಹೋಗುವುದು ಮುಖದ ಕಡೆಗಲ್ಲ, ಸಮವಸ್ತ್ರದ ಮೇಲಿನ ಪಟ್ಟಿ ಮತ್ತು ನಕ್ಷತ್ರಗಳ ಕಡೆಗೆ. ಯಾರು ಯಾರಿಗೆ ಸೆಲ್ಯೂಟ್ ಹೊಡೆಯಬೇಕು, ಯಾರು ನಿಂತಿರಬೇಕು, ಯಾರು ಕೂರಬಹುದು ಎಂಬುದೆಲ್ಲ ಆ ಒಂದು ಕ್ಷಣದಲ್ಲಿ ತೀರ್ಮಾನವಾಗುತ್ತದೆ. ಇಂಥ ಜನರನ್ನು ಒಂದೇ ಹಜಾರದಲ್ಲಿ ಕೂರಿಸಿ ಮನಬಿಚ್ಚಿ ಮಾತನಾಡಿ ಎಂದರೆ ಮಾತು ಹುಟ್ಟುವುದೆಲ್ಲಿಂದ? ಅಧಿಕಾರಿ ಕೂತಲ್ಲಿ ಸಿಪಾಯಿಗೆ ಬಾಯಿ ಬಾರದು. ಸಿಪಾಯಿಗಳು ಗುಂಪುಗೂಡಿದಲ್ಲಿ ಅಧಿಕಾರಿಗೆ ಕಾಲಿಡಲು ಮುಜುಗರ. ಗಲಾಟೆಯಾಗದಿರಲಿ ಎಂದು ಒಬ್ಬ ಹವಾಲ್ದಾರನನ್ನು ಕಾವಲಿಗೆ ನಿಲ್ಲಿಸಿದರೆ ಹರಟೆಕಟ್ಟೆ ಹೋಗಿ ಅದೂ ಒಂದು ಕವಾಯತು ಮೈದಾನವಾಗುತ್ತದೆ.

ಈ ಕಷ್ಟದ ಕೆಲಸವನ್ನು ಮೊದಲ ಮಹಾಯುದ್ಧದ ನಡುವೆ, ಫಿರಂಗಿಯ ಸದ್ದು ಕೇಳುವಷ್ಟು ಹತ್ತಿರದಲ್ಲಿ, ಒಬ್ಬ ಪಾದ್ರಿ ಮಾಡಿ ತೋರಿಸಿದರು. ಹೆಸರು ಫಿಲಿಪ್ ಕ್ಲೇಟನ್. ಕುಳ್ಳಗೆ, ದುಂಡಗೆ, ಕನ್ನಡಕ ಧರಿಸಿದ್ದ ಇವರನ್ನು ಎಲ್ಲರೂ ಕರೆಯುತ್ತಿದ್ದುದು 'ಟಬ್ಬಿ' ಎಂದು. ನಮ್ಮಲ್ಲಾದರೆ 'ಡುಮ್ಮಣ್ಣ' ಎನ್ನುತ್ತಿದ್ದರೇನೋ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ 1885ರಲ್ಲಿ ಹುಟ್ಟಿ, ಎಳೆಯ ವಯಸ್ಸಿನಲ್ಲೇ ಇಂಗ್ಲೆಂಡಿಗೆ ಬಂದು, ಆಕ್ಸ್‌ಫರ್ಡಿನಲ್ಲಿ ಓದಿ ಪಾದ್ರಿಯಾದವರು. 1915ರಲ್ಲಿ ಸೇನೆಯ ಪಾದ್ರಿಯಾಗಿ ಸೇರಿಕೊಂಡರು. ಸೇನೆಯ ಪಾದ್ರಿಗೆ ಅಧಿಕಾರಿಯ ಸ್ಥಾನಮಾನ ಉಂಟು, ಆದರೆ ಯಾರ ಮೇಲೂ ಹುಕುಂ ಚಲಾಯಿಸುವ ಹಕ್ಕಿಲ್ಲ. ಕ್ಲೇಟನ್ ಅವರ ಯಶಸ್ಸಿನ ಗುಟ್ಟು ಬಹುಶಃ ಈ ಕೊರತೆಯಲ್ಲೇ ಇತ್ತು.

ಅವರ ಕಾರ್ಯಕ್ಷೇತ್ರ ಬೆಲ್ಜಿಯಂನ ಪೋಪರಿಂಗೆ ಎಂಬ ಊರು. ಬಿಯರಿಗೆ ಕಹಿ ಕೊಡುವ ಹಾಪ್ಸ್ ಬಳ್ಳಿಯ ಬೆಳೆಗೆ ಹೆಸರಾದ ಸೀಮೆ ಅದು. ಬೆಲ್ಜಿಯಂನ ಹೆಚ್ಚಿನ ಭಾಗ ಜರ್ಮನ್ನರ ವಶವಾಗಿ, ಮಿತ್ರಪಡೆಗಳ ಕೈಯಲ್ಲಿ ಉಳಿದಿದ್ದ ಸಣ್ಣ ಪಟ್ಟಿಯಲ್ಲಿ ಈ ಊರಿತ್ತು. ಇಲ್ಲಿಂದ ಪೂರ್ವಕ್ಕೆ ಸುಮಾರು 12 ಕಿಲೋಮೀಟರ್ ಹೋದರೆ ಈಪರ್ ಪಟ್ಟಣ. ಇಂಗ್ಲಿಷ್ ಸಿಪಾಯಿಗಳ ಬಾಯಲ್ಲಿ ಈಪರ್ 'ವೈಪರ್ಸ್' ಆಯಿತು, ಪೋಪರಿಂಗೆ 'ಪಾಪ್' ಆಯಿತು. ಈಪರ್‌ನ ಆಚೆ ಮೂರು ದಿಕ್ಕಿನಿಂದಲೂ ಜರ್ಮನ್ನರು ಸುತ್ತುವರಿದಿದ್ದ ಕಂದಕಗಳು. ಅಲ್ಲಿಗೆ ಹೋಗುವವರೂ ಅಲ್ಲಿಂದ ಬದುಕಿ ಬಂದವರೂ ಈ ಊರನ್ನು ಹಾದೇ ಹೋಗಬೇಕು. ಸಿಪಾಯಿಯ ಜೇಬಿನಲ್ಲಿ ನಾಲ್ಕು ಕಾಸಿದ್ದರೆ ಮೊಟ್ಟೆ, ಕರಿದ ಆಲೂಗೆಡ್ಡೆ, ತೆಳು ಬಿಯರು ಸಿಗುತ್ತಿದ್ದವು. ಅಧಿಕಾರಿಗಳ ಊಟದ ಮನೆಗಳು ಬೇರೆಯೇ. ಅಲ್ಲಿ ಸಿಪಾಯಿಗೆ ಪ್ರವೇಶವಿಲ್ಲ.

ಕ್ಲೇಟನ್ ಅವರನ್ನು ಇಲ್ಲಿಗೆ ಕರೆತಂದವರು ಹಿರಿಯ ಪಾದ್ರಿ ನೆವಿಲ್ ಟಾಲ್ಬಟ್. ಇಬ್ಬರೂ ಸೇರಿ ಹಾಪ್ಸ್ ವ್ಯಾಪಾರಿಯೊಬ್ಬರ ದೊಡ್ಡ ಮನೆಯನ್ನು ಬಾಡಿಗೆಗೆ ಹಿಡಿದರು. ಶೆಲ್ ಬಿದ್ದು ಮನೆಯ ಅಟ್ಟ ಹಾಳಾಗಿತ್ತು. 1915ರ ಡಿಸೆಂಬರ್ 11ರಂದು ಬಾಗಿಲು ತೆರೆಯಿತು. ಮರುದಿನ ಕ್ಲೇಟನ್ ಅವರಿಗೆ ಮೂವತ್ತು ತುಂಬಿತು.

ಮನೆಗೆ 'ಟಾಲ್ಬಟ್ ಹೌಸ್' ಎಂಬ ಹೆಸರು ಬಂದದ್ದು ನೆವಿಲ್ ಅವರ ತಮ್ಮನಿಂದ. ವಿಂಚೆಸ್ಟರ್‌ನ ಬಿಷಪ್ಪರ ಕಿರಿಯ ಮಗ ಗಿಲ್ಬರ್ಟ್ ಟಾಲ್ಬಟ್ ಆಕ್ಸ್‌ಫರ್ಡಿನ ಚರ್ಚಾಕೂಟದ ಅಧ್ಯಕ್ಷರಾಗಿದ್ದವರು. ರಾಜಕೀಯದಲ್ಲಿ ದೊಡ್ಡ ಭವಿಷ್ಯವಿದೆ ಎಂದು ಎಲ್ಲರೂ ನಂಬಿದ್ದ ತರುಣ. 1915ರ ಜುಲೈ 30ರಂದು ಈಪರ್ ಬಳಿಯ ಹೂಗೆಯಲ್ಲಿ ಜರ್ಮನ್ನರು ಬೆಂಕಿಯುಗುಳುವ ಯಂತ್ರಗಳನ್ನು ಹಿಡಿದು ಬಂದ ಮೇಲೆ ನಡೆದ ಪ್ರತಿದಾಳಿಯಲ್ಲಿ ಪ್ರಾಣ ಬಿಟ್ಟರು. ವಯಸ್ಸು 23. ಅಣ್ಣನೇ ತೆವಳಿಕೊಂಡು ಹೋಗಿ ತಮ್ಮನ ದೇಹವನ್ನು ಹುಡುಕಿದರು. ಆ ಸಾವಿಗೆ ಐದು ತಿಂಗಳು ತುಂಬುವ ಮೊದಲೇ ಈ ಮನೆಯ ಬಾಗಿಲಿಗೆ ಅವರ ಹೆಸರು ಬಿತ್ತು.

ಸಿಪಾಯಿಗಳಿಗೆ ಹೆಸರನ್ನು ಚಿಕ್ಕದು ಮಾಡುವ ಚಟ. ತಂತಿ ಸಂದೇಶ ಕಳಿಸುವವರು 'ಟಿ' ಅಕ್ಷರವನ್ನು ಸ್ಪಷ್ಟವಾಗಿ ಕೇಳಿಸಲೆಂದು 'ಟಾಕ್' ಎನ್ನುತ್ತಿದ್ದರು. ಟಿ, ಎಚ್ ಎಂಬ ಎರಡು ಅಕ್ಷರಗಳು ಹೀಗೆ 'ಟಾಕ್ ಎಚ್' ಆದವು. ಮುಂದೆ ಜಗತ್ತು ಈ ಮನೆಯನ್ನು ಅರಿತದ್ದು ಈ ಹೆಸರಿನಿಂದಲೇ.

ಗೋಡೆಯ ಮೇಲಿನ ಕಾಯಿದೆ

ಮನೆ ತೆರೆದದ್ದೇನೋ ಸರಿ, ನಡೆಸುವುದು ಹೇಗೆ? ಕೆಸರುಬೂಟಿನ ನೂರಾರು ಗಂಡಸರು. ಕೆಲವರಿಗೆ ನಿದ್ದೆಯಿಲ್ಲ, ಕೆಲವರಿಗೆ ನಾಳೆ ಕಂದಕಕ್ಕೆ ಹೋಗುವ ಭಯ, ಕೆಲವರಿಗೆ ನಿನ್ನೆ ಗೆಳೆಯ ಸತ್ತ ದುಃಖ. ಮದ್ಯ ಇಲ್ಲಿಲ್ಲ, ಚಹಾ ಮಾತ್ರ. 'ಇದನ್ನು ಮಾಡಕೂಡದು, ಅದನ್ನು ಮಾಡಕೂಡದು' ಎಂಬ ಫಲಕಗಳನ್ನು ಸಿಪಾಯಿ ದಿನಬೆಳಗಾದರೆ ನೋಡುತ್ತಾನೆ, ಆದ್ದರಿಂದ ಓದುವುದಿಲ್ಲ. ಕ್ಲೇಟನ್ ಬರೆದು ಹಚ್ಚಿದ ಚೀಟಿಗಳನ್ನು ಮಾತ್ರ ಎಲ್ಲರೂ ಓದುತ್ತಿದ್ದರು. ಓದಿ ಇನ್ನೊಬ್ಬನನ್ನೂ ಕರೆದು ತೋರಿಸುತ್ತಿದ್ದರು.

ಬಾಗಿಲ ಬಳಿ ಬೀದಿಯ ಕಡೆಗೆ ಬಾಣದ ಗುರುತು ಹಾಕಿ, ನಿರಾಶಾವಾದಿಗಳು ಹೊರಹೋಗುವ ದಾರಿ ಇದು ಎಂದು ಬರೆದಿತ್ತು. ಮನೆಯಲ್ಲಿ ರತ್ನಗಂಬಳಿಯ ಮೇಲೆ ಉಗುಳುವ ಅಭ್ಯಾಸ ಇದ್ದವರು ಇಲ್ಲಿಯೂ ಉಗುಳಬಹುದು ಎಂಬುದು ಇನ್ನೊಂದು. ಕಸದ ಬುಟ್ಟಿಗಳು ಕೇವಲ ಅಲಂಕಾರಕ್ಕೆ ಎಂಬುದು ಮತ್ತೊಂದು. ಕಡಿದಾದ ಮೆಟ್ಟಿಲಿನ ಬಳಿ, ಇಲ್ಲಿ ಏಮಿ ರಾಬ್ಸಾರ್ಟಳ ಸಾಹಸ ಬೇಡ ಎಂಬ ಎಚ್ಚರಿಕೆ. ಈ ಹಾಸ್ಯಕ್ಕೆ ಕೊಂಚ ಇತಿಹಾಸ ಗೊತ್ತಿರಬೇಕು. ಮೊದಲನೆಯ ಎಲಿಜಬೆತ್ ರಾಣಿಯ ಆಪ್ತ ರಾಬರ್ಟ್ ಡಡ್ಲಿಯ ಹೆಂಡತಿ ಏಮಿ 1560ರಲ್ಲಿ ಮೆಟ್ಟಿಲ ಬುಡದಲ್ಲಿ ಸತ್ತು ಬಿದ್ದಿದ್ದಳು. ಹಿತ್ತಲ ತೋಟದ ಚೀಟಿಯಲ್ಲಿ ಮಾತ್ರ ತಮಾಷೆಯಿಲ್ಲ. ತೋಟಕ್ಕೆ ಬನ್ನಿ, ಯುದ್ಧವನ್ನು ಮರೆಯಿರಿ ಎಂದಷ್ಟೇ ಅದು ಹೇಳುತ್ತಿತ್ತು.

ಎಲ್ಲಕ್ಕಿಂತ ಹೆಸರಾದದ್ದು ಕ್ಲೇಟನ್ ಅವರ ಕೋಣೆಯ ಬಾಗಿಲ ಮೇಲಿನ ಬರಹ. ಇಟಲಿಯ ಮಹಾಕವಿ ದಾಂತೆಯ ಕಾವ್ಯದಲ್ಲಿ ನರಕದ ಹೆಬ್ಬಾಗಿಲ ಮೇಲಿರುವ ಮಾತನ್ನು ತಿರುಚಿ, ಒಳಗೆ ಬರುವವರೆಲ್ಲ ಪದವಿಯನ್ನು ಹೊರಗೇ ಬಿಟ್ಟು ಬನ್ನಿ ಎಂದು ಅವರು ಬರೆದಿದ್ದರು. ಗುಡಿಯ ಮೆಟ್ಟಿಲಲ್ಲಿ ಚಪ್ಪಲಿ ಬಿಟ್ಟು ಹೋಗುವಂತೆ ಕರ್ನಲ್ಲರೂ ಸಿಪಾಯಿಗಳೂ ತಮ್ಮ ತಮ್ಮ ಪದವಿ ಕಳಚಿಟ್ಟು ಒಂದೇ ಕೆಟಲಿನ ಚಹಾ ಕುಡಿದರು. ವಾಸ್ತವದ ಲೆಕ್ಕ ಮಾತ್ರ ಬೇರೆ ಇತ್ತು. ರಜೆಯ ರೈಲು ಹಿಡಿಯಲು ಬಂದ ಅಧಿಕಾರಿಗಳು ರಾತ್ರಿ ಮಲಗಿದರೆ ಅವರಿಂದ ದುಡ್ಡು ವಸೂಲು. ಆ ದುಡ್ಡು ಸಿಪಾಯಿಗಳ ಖರ್ಚಿಗೆ.

ಈ ಮನೆಯಲ್ಲಿ ಒಬ್ಬ 'ಜನರಲ್' ಕೂಡ ಇದ್ದರು. ಆರ್ಥರ್ ಪೆಟಿಫರ್ ಎಂಬ ಈ ವ್ಯಕ್ತಿ ನಿಜದಲ್ಲಿ ಬಫ್ಸ್ ರೆಜಿಮೆಂಟಿನ ಒಬ್ಬ ಸಾಮಾನ್ಯ ಸಿಪಾಯಿ. ಹಳೆಯ ಹುಲಿ, ಕ್ಲೇಟನ್ ಅವರ ಆಳು, ಮನೆಯ ಆಧಾರಸ್ತಂಭ. ಅವರನ್ನು ಎಲ್ಲರೂ 'ದಿ ಜೆನ್' ಎನ್ನುತ್ತಿದ್ದರು. ಪದವಿ ಬಿಡಬೇಕಾದ ಮನೆಯಲ್ಲಿ ಪದವಿ ಗಳಿಸಿದವರು ಬಹುಶಃ ಅವರೊಬ್ಬರೇ.

ಗ್ರಂಥಾಲಯದ ಏರ್ಪಾಡಿನಲ್ಲಿ ಕ್ಲೇಟನ್ ಅವರಿಗೆ ಸಿಪಾಯಿಯ ಬದುಕು ಎಷ್ಟು ಚೆನ್ನಾಗಿ ತಿಳಿದಿತ್ತು ಎಂಬುದು ಕಾಣುತ್ತದೆ. ಪುಸ್ತಕ ಬೇಕಾದವನು ಹಣವನ್ನಾಗಲಿ ಸಹಿಯನ್ನಾಗಲಿ ಕೊಡಬೇಕಿರಲಿಲ್ಲ. ತನ್ನ ಟೋಪಿಯನ್ನು ಅಡವಿಟ್ಟು ಮನೆಯೊಳಗೆ ಎಲ್ಲಿ ಬೇಕಾದರೂ ಕೂತು ಓದಬಹುದಿತ್ತು. ಟೋಪಿಯಿಲ್ಲದೆ ಬೀದಿಗಿಳಿದ ಸಿಪಾಯಿ ಸಮವಸ್ತ್ರದ ನಿಯಮ ಮುರಿದ ತಪ್ಪಿಗೆ ಸಿಕ್ಕಿಬೀಳುತ್ತಾನೆ. ಹಾಗಾಗಿ ಪುಸ್ತಕ ಹಿಂದಿರುಗಿಸದೆ ಹೋಗುವ ಹಾಗಿಲ್ಲ. ಸೇನೆಯ ಶಿಸ್ತನ್ನೇ ಕ್ಲೇಟನ್ ತಮ್ಮ ಕಪಾಟಿನ ಕಾವಲಿಗೆ ನಿಲ್ಲಿಸಿದ್ದರು.

ಗೆಳೆತನದ ಮೂಲೆ

ಹಜಾರದಲ್ಲಿ ಒಂದು ಫಲಕವಿತ್ತು. 'ಗೆಳೆತನದ ಮೂಲೆ' ಎಂದು ಅದರ ಹೆಸರು. ಬಂದವರು ತಮ್ಮ ಹೆಸರು, ತುಕಡಿ ಬರೆದು ಅಲ್ಲಿ ಸಿಕ್ಕಿಸಬಹುದಿತ್ತು. ಇಷ್ಟು ಸಣ್ಣ ಸೌಲಭ್ಯದ ಬೆಲೆ ಅರಿಯಲು ಆ ಕಾಲದ ಸ್ಥಿತಿಯನ್ನು ನೆನೆಯಬೇಕು. ತುಕಡಿಗಳು ಸದಾ ಜಾಗ ಬದಲಿಸುತ್ತಿದ್ದವು. ತಾನೆಲ್ಲಿದ್ದೇನೆ ಎಂದು ಪತ್ರದಲ್ಲಿ ಬರೆದರೆ ಸೆನ್ಸಾರಿನವರು ಅಳಿಸಿಬಿಡುತ್ತಿದ್ದರು. ತಮ್ಮನೋ ಬಾಲ್ಯದ ಗೆಳೆಯನೋ ಇದೇ ಸೀಮೆಯಲ್ಲಿ ಎರಡು ಮೈಲಿಯಾಚೆ ಇದ್ದರೂ ಗೊತ್ತಾಗುವ ಬಗೆಯಿಲ್ಲ. ಈ ಫಲಕದ ಮುಂದೆ ನಿಂತು ಹೆಸರು ಹುಡುಕುವುದೊಂದೇ ದಾರಿ. ಚೀಟಿ ಬರೆದವನು ಮರಳಿ ಬಂದಾಗ ಉತ್ತರ ಕಾದಿರಬಹುದು. ಉತ್ತರ ಬಂದಾಗ ಚೀಟಿ ಬರೆದವನೇ ಇಲ್ಲದೆ ಹೋಗಿರಬಹುದು.

ಇದು ಬರಿಯ ಊಹೆಯ ಮಾತಲ್ಲ. ಈಪರ್ ಪಟ್ಟಣದ ಅಂಚಿನಲ್ಲಿ 1927ರಲ್ಲಿ ಕಟ್ಟಿ ಮುಗಿಸಿದ ಮೆನಿನ್ ದ್ವಾರದ ಗೋಡೆಗಳ ಮೇಲೆ 54,000ಕ್ಕೂ ಹೆಚ್ಚು ಹೆಸರುಗಳಿವೆ. ಸತ್ತವರ ಪೂರ್ಣ ಪಟ್ಟಿ ಅದಲ್ಲ, ಸಮಾಧಿಯೂ ಸಿಗದೆ ಕಾಣೆಯಾದವರಲ್ಲೇ ಒಂದು ಭಾಗ. ಭಾರತದ ಸೈನಿಕರ ಹೆಸರುಗಳೂ ಅವರಲ್ಲಿವೆ. ಆ ಗೋಡೆಯಲ್ಲಿರುವ ಎಷ್ಟು ಹೆಸರುಗಳು ಅದಕ್ಕೆ ಮೊದಲು ಟಾಲ್ಬಟ್ ಹೌಸಿನ ಫಲಕದಲ್ಲಿ ಪೆನ್ಸಿಲಿನಿಂದ ಬರೆಯಲ್ಪಟ್ಟಿದ್ದವೋ!

ಮನೆಯ ತುತ್ತತುದಿಯಲ್ಲಿ, ಹಾಪ್ಸ್ ಒಣಗಿಸುತ್ತಿದ್ದ ಅಟ್ಟವೇ ಪ್ರಾರ್ಥನಾ ಮಂದಿರವಾಯಿತು. ತೋಟದಲ್ಲಿ ಸಿಕ್ಕ ಬಡಗಿಯ ಕೆಲಸದ ಮೇಜೇ ಪೂಜಾಪೀಠ. ಕಂದಕಕ್ಕೆ ಹೊರಟವರು ಇಲ್ಲಿಗೆ ಹತ್ತಿ ಬಂದು ಮಂಡಿಯೂರುತ್ತಿದ್ದರು. ಮೇಲೆ ಬರಲೇಬೇಕೆಂಬ ಕಟ್ಟಳೆ ಇರಲಿಲ್ಲ. ಬರದವನಿಗೂ ಕೆಳಗೆ ಚಹಾ, ಪಿಯಾನೊ, ಹರಟೆ ಇದ್ದೇ ಇದ್ದವು. ಪಾದ್ರಿಯೊಬ್ಬರು ಈ ಮಟ್ಟಿಗೆ ಕೈಬಿಗಿ ಹಿಡಿದದ್ದು ಮೆಚ್ಚಬೇಕಾದ ಸಂಗತಿ.

ಆದರೆ ಇದೇ ಊರಿಗೆ ಇನ್ನೊಂದು ಮುಖವಿದೆ. ಟಾಲ್ಬಟ್ ಹೌಸಿನಿಂದ ಕೂಗಳತೆಯ ದೂರದಲ್ಲಿರುವ ಪೋಪರಿಂಗೆಯ ಪುರಭವನದಲ್ಲಿ ಮರಣದಂಡನೆಗೆ ಗುರಿಯಾದವರನ್ನು ಕೊನೆಯ ರಾತ್ರಿ ಕೂಡಿಡುತ್ತಿದ್ದ ಕೋಣೆಗಳಿವೆ. ಶತ್ರುವಿನ ಕಡೆಯವರಲ್ಲ, ಸ್ವಂತ ಸೇನೆಯ ಸಿಪಾಯಿಗಳು. ಕಂದಕ ಬಿಟ್ಟು ಓಡಿದ, ಹೇಡಿತನ ತೋರಿದ ಆರೋಪ ಹೊತ್ತವರು. ಹಿತ್ತಲಿನಲ್ಲಿ ಕಂಬಕ್ಕೆ ಕಟ್ಟಿ ಗುಂಡಿಕ್ಕಿದ್ದೂ ಉಂಟು. ಇಂಥ ಆರೋಪಗಳ ಮೇಲೆ ಬ್ರಿಟಿಷ್ ಸೇನೆ ಆ ಯುದ್ಧದಲ್ಲಿ ಕೊಂದ 306 ಜನರಿಗೆ ಬ್ರಿಟನ್ ಸರ್ಕಾರ ಕ್ಷಮೆ ನೀಡಿದ್ದು 2006ರಲ್ಲಿ.

ಒಂದೇ ಊರು, ಒಂದೇ ಸೇನೆ. ಇಲ್ಲಿ ಪದವಿ ಬಿಡು ಎನ್ನುವ ಬಾಗಿಲು, ಅಲ್ಲಿ ಪದವಿಯ ಆಜ್ಞೆ ಮೀರಿದವನಿಗೆ ಕಂಬ. ಹಾಗಾದರೆ ಕ್ಲೇಟನ್ ಮಾಡಿದ್ದಾದರೂ ಏನು? ಬಳಲಿದ ಸಿಪಾಯಿಗಳ ಮನಸ್ಸಿಗೆ ಎಣ್ಣೆ ಬಿಟ್ಟು ಮತ್ತೆ ಅದೇ ಗಾಣಕ್ಕೆ ಕಳಿಸಿದರು ಎಂದು ಯಾರಾದರೂ ಹೇಳಿದರೆ ಅದನ್ನು ಪೂರ್ತಿ ತಳ್ಳಿಹಾಕಲಾಗದು. ಸೇನೆಯ ಮೇಲಿನವರು ಇಂಥ ಮನೆಯನ್ನು ಸಹಿಸಿಕೊಂಡದ್ದರ ಹಿಂದೆ ಆ ಲೆಕ್ಕಾಚಾರವೂ ಇದ್ದೀತು. ಮನೆಯಿಂದ ಹೊರಬಿದ್ದ ಕೂಡಲೇ ಸಿಪಾಯಿ ಮತ್ತೆ ಸೆಲ್ಯೂಟ್ ಹೊಡೆಯಲೇಬೇಕಿತ್ತು. ಕ್ಲೇಟನ್ ಯುದ್ಧವನ್ನು ನಿಲ್ಲಿಸಲಿಲ್ಲ, ಪ್ರಶ್ನಿಸಲೂ ಇಲ್ಲ. ಆದರೆ ಮನುಷ್ಯನನ್ನು ನಂಬರಿನಿಂದ ಗುರುತಿಸುತ್ತಿದ್ದ ಜಾಗದಲ್ಲಿ ಅವನ ಹೆಸರು ಕೇಳಿ ಚಹಾ ಕೊಟ್ಟರು. ನಾಳೆ ಬದುಕಿರುವ ಖಾತ್ರಿಯಿಲ್ಲದವನಿಗೆ ಅದು ಸಣ್ಣ ಉಪಕಾರವಾಗಿರಲಿಲ್ಲ.

ಉಳಿದ ಮನೆ

1918ರ ವಸಂತದಲ್ಲಿ ಜರ್ಮನ್ನರ ದಾಳಿ ಹತ್ತಿರ ಬಂದಾಗ ಮನೆಯನ್ನು ಕೆಲವು ತಿಂಗಳು ಮುಚ್ಚಬೇಕಾಯಿತು. ಯುದ್ಧ ಮುಗಿದ ಮೇಲೆ ಮನೆ ಮಾಲೀಕರ ಕೈಸೇರಿತು. ಕ್ಲೇಟನ್ 1919ರಲ್ಲಿ ಈ ಮನೆಯ ಕಥೆಗಳನ್ನು ಪುಸ್ತಕವಾಗಿ ತಂದರು. ಬದುಕುಳಿದ ಹಳೆಯ ಗೆಳೆಯರನ್ನು ಕೂಡಿಸಿ 'ಟಾಕ್ ಎಚ್' ಎಂಬ ಸೇವಾ ಸಂಸ್ಥೆ ಕಟ್ಟಿದರು. 1922ರಿಂದ ನಾಲ್ಕು ದಶಕ ಲಂಡನ್ ಗೋಪುರದ ಬಳಿಯ ಆಲ್ ಹ್ಯಾಲೋಸ್ ಚರ್ಚಿನ ಪಾದ್ರಿಯಾಗಿದ್ದು, 1972ರ ಡಿಸೆಂಬರಿನಲ್ಲಿ 87ನೆಯ ವಯಸ್ಸಿನಲ್ಲಿ ತೀರಿಕೊಂಡರು. ಆ ಸಂಸ್ಥೆಯ ಶಾಖೆಗಳು ಭಾರತಕ್ಕೂ ಬಂದವು. ಕೊಚ್ಚಿಯ ವೈಟ್ಟಿಲದಲ್ಲಿ 'ಟಾಕ್ ಎಚ್' ಎಂಬ ವಿಚಿತ್ರ ಹೆಸರಿನ ಶಾಲೆಯ ಬಸ್ಸು ಕಂಡವರಿಗೆ, ಆ ಎರಡು ಅಕ್ಷರ ಫ್ಲಾಂಡರ್ಸ್‌ನ ತಂತಿ ಸಂದೇಶದಿಂದ ಬಂದದ್ದೆಂದು ಹೊಳೆಯುವುದು ಕಷ್ಟ.

ಪೋಪರಿಂಗೆಯ ಮನೆಯನ್ನು 1929ರಲ್ಲಿ ಲಾರ್ಡ್ ವೇಕ್‌ಫೀಲ್ಡ್ ಕೊಟ್ಟ ಹಣದಿಂದ ಕೊಳ್ಳಲಾಯಿತು. 1940ರಲ್ಲಿ ಜರ್ಮನ್ ಸೇನೆ ಮತ್ತೆ ಬಂತು. ಈ ಸಲ ಊರಿಗೂ ನುಗ್ಗಿತು. ಆಗ ಊರಿನವರೇ ಮನೆಯೊಳಗಿನ ಸಾಮಾನುಗಳನ್ನು ಹೊತ್ತೊಯ್ದು ತಮ್ಮ ಮನೆಗಳಲ್ಲಿ ಬಚ್ಚಿಟ್ಟರು. ನಾಲ್ಕು ವರ್ಷ ಹೀಗೆ ಕಾಯ್ದು, 1944ರ ಸೆಪ್ಟೆಂಬರಿನಲ್ಲಿ ಪೋಲೆಂಡಿನ ಪಡೆ ಊರನ್ನು ಬಿಡಿಸಿದ ಮೇಲೆ ತಂದೊಪ್ಪಿಸಿದರು. ಕಾಪಾಡಿದ್ದಕ್ಕೆ ಸಂಬಳವಿರಲಿಲ್ಲ, ಸಿಕ್ಕಿಬಿದ್ದರೆ ಅಪಾಯವಿತ್ತು.

ಈಗ ಅದು ವಸ್ತುಸಂಗ್ರಹಾಲಯವೂ ಹೌದು, ಯಾತ್ರಿಕರು ರಾತ್ರಿ ತಂಗಬಹುದಾದ ಮನೆಯೂ ಹೌದು. ಅಟ್ಟದ ಮೇಲೆ ಬಡಗಿಯ ಮೇಜು ಹಾಗೆಯೇ ಇದೆ. ಕ್ಲೇಟನ್ ನಿಂತಿದ್ದ ಜಾಗದಲ್ಲಿ ಈಗ ಸರದಿಯ ಮೇಲೆ ಬರುವ ಸ್ವಯಂಸೇವಕರು ನಿಲ್ಲುತ್ತಾರೆ. ಕೆಲವರು ಇಂಗ್ಲೆಂಡಿನಿಂದ ಬಂದು ಈ ಮನೆಯಲ್ಲೇ ಇದ್ದು ಸೇವೆ ಮುಗಿಸಿ ಹೋಗುತ್ತಾರೆ. ಬಂದವರನ್ನು ಒಳಗೆ ಕರೆದು ಅವರು ಮೊದಲು ಕೊಡುವುದು ಒಂದು ಲೋಟ ಚಹಾ.