ಬೂಷ್ಟಿನ ವಿಷದಿಂದ ದೇಹದ ಉರಿಯೂತದವರೆಗೆ

ಹೈದರಾಬಾದಿನಿಂದ ಬೀದರಿಗೆ ಹೋಗುವ ದಾರಿಯಲ್ಲಿ, ಪಟಾನ್‌ಚೆರುವಿನ ಬಳಿ, 1972ರಲ್ಲಿ ಸ್ಥಾಪಿತವಾದ ಇಕ್ರಿಸ್ಯಾಟ್ ಸಂಸ್ಥೆಯಿದೆ. ಜೋಳ, ತೊಗರಿ, ಕಡಲೆ, ಶೇಂಗಾಗಳ ಸಂಶೋಧನೆಗೆ ಹೆಸರಾದ ಈ ಸ್ಥಳಕ್ಕೂ ಮನುಷ್ಯನ ರೋಗನಿರೋಧಕ ಶಕ್ತಿಗೂ ಏನು ಸಂಬಂಧವೆಂದು ಕೇಳಬಹುದು. ಸಂಬಂಧವಿದೆ.

ಡಾ. ತಿರುಮಲಾದೇವಿ ಕನ್ನೆಗಂಟಿಯವರು ಕಲ್ಲಿದ್ದಲ ಗಣಿಗಳ ಊರಾದ ಕೊತ್ತಗೂಡೆಂನವರು. ಕಾಕತೀಯ ವಿಶ್ವವಿದ್ಯಾನಿಲಯದ ಪದವಿ ಪಡೆದು, ಉಸ್ಮಾನಿಯಾದಲ್ಲಿ ಎಂ.ಎಸ್‌ಸಿ., ಪಿಎಚ್.ಡಿ. ಮುಗಿಸಿದರು. ಮೆಣಸಿನಕಾಯಿಗೆ ಬೂಷ್ಟು ಹಿಡಿದಾಗ ಸೇರುವ, ಮೂತ್ರಪಿಂಡಕ್ಕೆ ಕೇಡು ತರುವ ಓಕ್ರಟಾಕ್ಸಿನ್ ಎಂಬ ವಿಷವನ್ನು ಪತ್ತೆಹಚ್ಚುವ ವಿಧಾನವನ್ನು ಅವರೂ ಇಕ್ರಿಸ್ಯಾಟಿನ ಸಹೋದ್ಯೋಗಿಗಳೂ 2000ದಲ್ಲಿ ಪ್ರಕಟಿಸಿದರು. (ಬ್ಯಾಡಗಿಯ ಮೆಣಸಿನಕಾಯಿಯನ್ನು ವರ್ಷಕ್ಕಾಗುವಷ್ಟು ತರಿಸಿಡುವ ನಮ್ಮ ಮನೆಗಳವರು ಇದನ್ನು ಗಮನಿಸುವುದು ಒಳ್ಳೆಯದು.)

ಮುಂದೆ ಅಮೆರಿಕೆಗೆ ತೆರಳಿದ ಅವರು ಸಸ್ಯರೋಗಗಳಿಂದ ಮನುಷ್ಯರ ರೋಗಗಳತ್ತ ತಿರುಗಿದರು. ಈ ತಿರುವು ತೋರುವಷ್ಟು ವಿಚಿತ್ರವಲ್ಲ. ಗಿಡಮರಗಳಿಗೆ ಪ್ರತಿಕಾಯಗಳಿಲ್ಲ; ಹುಟ್ಟಿನೊಡನೆ ಬಂದ ರಕ್ಷಣೆಯೇ ಅವುಗಳಿಗೆ ಗತಿ. ಅಂತಹುದೇ ಸಹಜ ರಕ್ಷಣೆ ನಮ್ಮ ದೇಹದಲ್ಲಿಯೂ ಇದ್ದು, ಸೋಂಕನ್ನು ಮೊದಲು ಎದುರಿಸುತ್ತದೆ. ಜೀವಕೋಶದೊಳಗಿನ ಎನ್‌ಎಲ್‌ಆರ್‌ಪಿ-3 ಎಂಬ ಪ್ರೋಟೀನು ರೋಗಾಣುವಿನ ಸುಳಿವು ದೊರೆತೊಡನೆ ಇತರ ಪ್ರೋಟೀನುಗಳನ್ನು ಕೂಡಿಕೊಂಡು ಉರಿಯೂತವನ್ನು ಹೊತ್ತಿಸುತ್ತದೆ. ಬ್ಯಾಕ್ಟೀರಿಯಾದ ಆರ್‌ಎನ್‌ಎ ಇದನ್ನು ಎಚ್ಚರಿಸಬಲ್ಲುದೆಂದು ಮಿಷಿಗನ್‌ನಲ್ಲಿದ್ದಾಗ 2006ರಲ್ಲಿ ಅವರೂ ಸಂಗಡಿಗರೂ ತೋರಿಸಿದರು. 2007ರಲ್ಲಿ ಮೆಂಫಿಸ್ ನಗರದ ಸೇಂಟ್ ಜೂಡ್ ಮಕ್ಕಳ ಸಂಶೋಧನಾ ಆಸ್ಪತ್ರೆಯನ್ನು ಸೇರಿದರು.

ಜ್ವರ, ಬಾವು, ನೋವುಗಳು ದೇಹದ ಕಾವಲಿನ ಲಕ್ಷಣಗಳೇ ಹೌದು. ಆದರೆ ಕಾವಲುಗಾರನು ಹಚ್ಚಿದ ಬೆಂಕಿ ಮನೆಯನ್ನೇ ಸುಡುವುದುಂಟು. ಕೋವಿಡ್‌ನಲ್ಲಿ ಅನೇಕರ ಪ್ರಾಣಕ್ಕೆ ಎರವಾದದ್ದು ವೈರಸ್ಸು ಮಾತ್ರವಲ್ಲ, ಅದಕ್ಕೆ ಪ್ರತಿಯಾಗಿ ದೇಹವೇ ಎಬ್ಬಿಸಿದ ಉರಿಯೂತವೂ ಹೌದು. ದೇಹದಲ್ಲಿ ಸ್ರವಿಸುವ ಹಲವು ಸಂಕೇತವಸ್ತುಗಳಲ್ಲಿ ಟಿಎನ್‌ಎಫ್ ಮತ್ತು ಇಂಟರ್‌ಫೆರಾನ್-ಗಾಮಾ ಎಂಬೆರಡು ಜೊತೆಗೂಡಿದಾಗ ಜೀವಕೋಶಗಳು ಸಾಯುತ್ತವೆಂದು ಕನ್ನೆಗಂಟಿಯವರ ತಂಡ 2021ರಲ್ಲಿ ಕಂಡುಹಿಡಿಯಿತು. ಒಂದೊಂದೇ ಆದರೆ ಹಾಗಾಗದು. ಬ್ಯಾಂಕಿನ ಲಾಕರಿಗೆ ಎರಡು ಬೀಗದ ಕೈಗಳೂ ಬೇಕಾಗುವಂತೆ! ಎರಡನ್ನೂ ತಡೆದಾಗ ಸೋಂಕು ತಗುಲಿದ ಇಲಿಗಳು ಸಾವಿನಿಂದ ಪಾರಾದುವು.

ಇಲಿಗಳಲ್ಲಿ ಫಲಿಸಿದುದು ರೋಗಿಯ ಹಾಸಿಗೆಯವರೆಗೆ ಬರಲು ದೀರ್ಘ ಪರೀಕ್ಷೆಗಳು ಬೇಕು. ಉರಿಯೂತವನ್ನು ಸಾರಾಸಗಟಾಗಿ ನಂದಿಸುವುದೂ ಅಪಾಯವೇ. ಸ್ಟೀರಾಯ್ಡುಗಳು ಕೋವಿಡ್‌ನಲ್ಲಿ ಅನೇಕರನ್ನು ಉಳಿಸಿದ್ದು ನಿಜ. ಆದರೆ ಅವುಗಳ ಮಿತಿಮೀರಿದ ಬಳಕೆ ಮತ್ತು ಹತೋಟಿಯಿಲ್ಲದ ಮಧುಮೇಹ ಸೇರಿದೆಡೆ ಮತ್ತೊಂದು ಬಗೆಯ ಬೂಷ್ಟು ದೇಹವನ್ನು ಹೊಕ್ಕಿತು. 2021ರಲ್ಲಿ ಇದೇ ನಗರದ ಕೋಠಿಯ ಸರಕಾರಿ ಇ.ಎನ್.ಟಿ. ಆಸ್ಪತ್ರೆ ಆ ಕಪ್ಪು ಶಿಲೀಂಧ್ರದ ಚಿಕಿತ್ಸಾಕೇಂದ್ರವಾಗಬೇಕಾಯಿತು.